ಟೋಟೆಮ್ ಪೋಲ್ ಅಂದ್ರೆ ಏನು?

ತುಂಬಾ ಜನ ಟೋಟೆಮ್ ಪೋಲ್ ಅಂದ್ರೆ ಪೂಜೆ ಮಾಡೋ ಕಂಬ ಅನ್ಕೊಂಡಿರ್ತಾರೆ, ಹಾಗಲ್ಲ. ಕೆನಡಾದ ವ್ಯಾಂಕೂವರ್ ದ್ವೀಪದ ಉತ್ತರ ಭಾಗ ಮತ್ತೆ ಅದರ ಎದುರಿನ ಕರಾವಳಿಲಿರೋ ಕ್ವಾಕ್ವಕ್ಯವಾಕ್ ಜನರಿಗೆ ಅದು ಮರದ ಕಂಬದಲ್ಲಿ ಕೆತ್ತಿದ ಮನೆತನದ ಕಥೆ. ಥಂಡರ್‌ಬರ್ಡ್ ಅನ್ನೋ ಪುರಾಣದ ದೊಡ್ಡ ಹಕ್ಕಿ, ಕರಡಿ, ತಿಮಿಂಗಿಲ ಎಲ್ಲಾ ಆ ಕುಟುಂಬದ ಮೂಲಪುರುಷರ ಕಥೆಲಿ ಬರೋವು, ಅವನ್ನ ಕೆತ್ತಿಸಿ ನಿಲ್ಲಿಸೋ ಹಕ್ಕು ಆಸ್ತಿ ಥರ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುತ್ತೆ, ಮದುವೆ ಸಂಬಂಧದಿಂದಲೂ ಬರುತ್ತೆ, ಚೆನ್ನಾಗಿದೆ ಅಂತ ಇನ್ನೊಬ್ಬರ ಕಥೆ ತಂದು ನಿಲ್ಲಿಸೋ ಹಾಗಿಲ್ಲ.

ಮರ ರೆಡ್ ಸೀಡರ್. ಎಳೆ ನೇರ, ಕೆತ್ತೋಕೆ ಮೃದು, ಮಳೆಗೆ ಬೇಗ ಕೊಳೆಯಲ್ಲ. ದೊಡ್ಡ ಕಂಬದ ಹಿಂಭಾಗ ಕೊರೆದು ಟೊಳ್ಳು ಮಾಡೋದುಂಟು, ತೂಕ ಇಳಿಯುತ್ತೆ, ಬಿರುಕೂ ಕಮ್ಮಿ. ಬಾಚಿಲಿ ಆಕಾರ ತೆಗೆದು ಆಮೇಲೆ ಬಾಗಿದ ಚಾಕುನ ತಮ್ಮ ಕಡೆಗೆ ಎಳ್ಕೊಂಡು ಕಣ್ಣು ತುಟಿ ತೀಡ್ತಾರೆ. ಕೊಕ್ಕು, ರೆಕ್ಕೆ ಬೇರೆ ತುಂಡಲ್ಲಿ ಮಾಡಿ ಸೇರಿಸ್ತಾರೆ, ಅದಕ್ಕೇ ಇವರ ಕಂಬದ ಹಕ್ಕಿ ಈಗ ಹಾರುತ್ತೇನೋ ಅನ್ನೋ ಹಾಗೆ ರೆಕ್ಕೆ ಬಿಚ್ಚಿ ನಿಂತಿರೋದು, ನನಗಂತೂ ಅದೇ ಎಲ್ಲಕ್ಕಿಂತ ಇಷ್ಟ.

ಈ ಕೈಚಳಕ ಮನೇಲೇ ಹರಿದು ಬಂದಿದೆ. ಅಲರ್ಟ್ ಬೇ ಊರಿನ ಚಾರ್ಲಿ ಜೇಮ್ಸ್ ತನ್ನ ಮಲಮಗ ಮಂಗೊ ಮಾರ್ಟಿನ್‌ಗೆ ಕಲಿಸಿದ್ರು, ಮೊಮ್ಮಗಳು ಎಲೆನ್ ನೀಲ್‌ಗೂ ಕಲಿಸಿದ್ರು, ಗಂಡಸರದ್ದೇ ಅನ್ನಿಸ್ಕೊಂಡಿದ್ದ ಕೆಲಸದಲ್ಲಿ ಆಕೆ ದೊಡ್ಡ ಹೆಸರು ಮಾಡಿದ್ರು.

ಆದ್ರೆ ಕಂಬ ಕೆತ್ತಿದ್ರೆ ಮುಗೀಲಿಲ್ಲ, ಪಾಟ್‌ಲ್ಯಾಚ್ ಅನ್ನೋ ದೊಡ್ಡ ಕೂಟ ಮಾಡಿ ಬಂದೋರಿಗೆಲ್ಲ ಉಡುಗೊರೆ ಕೊಡ್ಬೇಕು, ಕಂಬ ನಿಲ್ಲಿಸೋ ಹಕ್ಕು ಈ ಮನೆತನದ್ದೇ ಅನ್ನೋದಕ್ಕೆ ಅದನ್ನ ತಗೊಂಡೋರೇ ಸಾಕ್ಷಿ. ಕೆನಡಾ ಸರ್ಕಾರ 1885ರಿಂದ 1951ರ ತನಕ ಇದನ್ನೇ ನಿಷೇಧ ಮಾಡಿತ್ತು, 1921ರಲ್ಲಿ ವಿಲೇಜ್ ಐಲ್ಯಾಂಡ್ ಅನ್ನೋ ದ್ವೀಪದಲ್ಲಿ ನಡೆದ ಪಾಟ್‌ಲ್ಯಾಚ್‌ಗೆ ಹೋದೋರ ಮೇಲೆ ಕೇಸ್ ಹಾಕಿ, ಮುಖವಾಡಗಳನ್ನ ಕಿತ್ಕೊಂಡು, ಎಷ್ಟೋ ಜನರನ್ನ ಜೈಲಿಗೂ ಕಳಿಸಿದ್ರು, ಸಾಕ್ಷಿನೇ ಇಲ್ಲದ ಮೇಲೆ ಕಂಬ ಯಾತಕ್ಕೆ ಕೆತ್ತಿಸ್ತಾರೆ ಹೇಳಿ, ಇದು ಬರೀ ಒಂದು ಹಬ್ಬ ನಿಲ್ಲಿಸಿದ್ದಲ್ಲ, ದೊಡ್ಡ ಅನ್ಯಾಯ. ಅಂಥ ಕಾಲದಲ್ಲೂ ಮಂಗೊ ಕೆಲಸ ಬಿಡಲಿಲ್ಲ. 1953ರಲ್ಲಿ ಕೆನಡಾದ ವಿಕ್ಟೋರಿಯಾ ನಗರದ ಥಂಡರ್‌ಬರ್ಡ್ ಪಾರ್ಕ್‌ನಲ್ಲಿ ತಾವು ಕಟ್ಟಿದ ಮನೆಗೆ ಪಾಟ್‌ಲ್ಯಾಚ್ ಮಾಡಿದ್ರು, ಎಲ್ಲರೆದುರಿಗೇ. 1962ರಲ್ಲಿ ಅವರು ತೀರ್ಕೊಂಡ ಮೇಲೆ ಅಲ್ಲಿನ ಕೆತ್ತನೆ ಕೆಲಸ ಮದುವೆಯಿಂದ ನೆಂಟರಾದ ಹೆನ್ರಿ ಹಂಟ್ ಕೈಗೆ ಬಂತು, ಅವರ ಮಕ್ಕಳು ಟೋನಿ, ರಿಚರ್ಡ್ ಇಬ್ಬರೂ ಬಾಚಿ ಹಿಡಿದ್ರು.