ತ್ರಿಕೋನ ಕಂಡರೆ ಮೊದಲು ಕ್ಯಾಲೆಂಡರ್ ನೋಡಿ

ಮುಂಬೈನ ಮಾಟುಂಗಾದಲ್ಲಿ ನಾವು ಮೂವರು ರಾತ್ರಿ ಊಟ ಮುಗಿಸಿ ಬೆಲೆಯ ಚಾರ್ಟ್ ಹಿಡಿದು ಕೂರುತ್ತೇವೆ. ಷೇರು ಪೇಟೆ ಮಧ್ಯಾಹ್ನ ಮೂರೂವರೆಗೇ ಬಾಗಿಲು ಹಾಕುತ್ತದೆ. ಅಂಧೇರಿಯ ಎಂಸಿಎಕ್ಸ್ ಎಂಬ ಸರಕು ವಿನಿಮಯ ಪೇಟೆಯಲ್ಲಿ ಚಿನ್ನ, ಬೆಳ್ಳಿ, ಕಚ್ಚಾ ತೈಲದ ವಹಿವಾಟು ರಾತ್ರಿ 11:30ರ ತನಕ ಇರುತ್ತದೆ, ಚಳಿಗಾಲದಲ್ಲಿ ಇನ್ನೂ 25 ನಿಮಿಷ ಜಾಸ್ತಿ. ಕೆಲಸಕ್ಕೆ ಹೋಗುವವರಿಗೆ ಇದೇ ಅನುಕೂಲ, ಅಲ್ವಾ?

ಈ ವಾರ ಏರು ತ್ರಿಕೋನ, ಅಂದರೆ ಚಾರ್ಟ್‌ನಲ್ಲಿ ಮೇಲಿನ ಗೆರೆ ಮಟ್ಟಸವಾಗಿದ್ದು ಕೆಳಗಿನ ಗೆರೆ ಏರುತ್ತಾ ಹೋಗುವ ಆಕಾರ. ಕ್ರೂಡ್ ಮಿನಿಯನ್ನೇ (ಕಚ್ಚಾ ತೈಲದ ಚಿಕ್ಕ ಕಾಂಟ್ರಾಕ್ಟ್, ಅಂದರೆ ಮುಂದಿನ ಒಂದು ದಿನಾಂಕಕ್ಕೆ ಈಗಲೇ ಬೆಲೆ ಗೊತ್ತು ಮಾಡಿಕೊಳ್ಳುವ ಒಪ್ಪಂದ) ತಗೊಳ್ಳಿ, ಅಂಕಿಗಳು ನಾನೇ ಹಾಕಿಕೊಂಡವು. ಬೆಲೆ ಮೂರು ಸಲ 5,600 ಮುಟ್ಟಿ ವಾಪಸ್ ಬಂದಿದೆ. ಆದರೆ ಇಳಿದು ನಿಂತ ಜಾಗ ಪ್ರತಿ ಸಲ ಮೇಲಾಗಿದೆ: 5,450, 5,500, 5,550. ಅಂದರೆ 5,600ರಲ್ಲಿ ಮಾರುವವರು ಇನ್ನೂ ಇದ್ದಾರೆ, ಕೊಳ್ಳುವವರು ಮಾತ್ರ ಅಗ್ಗವಾಗಲಿ ಅಂತ ಕಾಯುತ್ತಿಲ್ಲ. ದಿನದ ಕ್ಯಾಂಡಲ್ (ಆ ದಿನದ ಬೆಲೆ ತೋರಿಸುವ ಕಡ್ಡಿ) 5,600ರ ಮೇಲೆ ಮುಗಿದು, ವಾಲ್ಯೂಮ್ (ವಹಿವಾಟಿನ ಪ್ರಮಾಣ) ಜೊತೆ ಓಪನ್ ಇಂಟರೆಸ್ಟ್ (ಇನ್ನೂ ಮುಗಿಸದೆ ಉಳಿದ ಕಾಂಟ್ರಾಕ್ಟ್‌ಗಳ ಸಂಖ್ಯೆ) ಕೂಡ ಏರಿದ್ದರೆ ಆ ಬ್ರೇಕ್‌ಔಟ್ ಅನ್ನು, ಅಂದರೆ ಗೆರೆ ದಾಟಿದ್ದನ್ನು, ನಂಬಬಹುದು. ಓಪನ್ ಇಂಟರೆಸ್ಟ್ ಇಳಿದಿದ್ದರೆ ಮೊದಲೇ ಮಾರಿದ್ದವರು ಗಾಬರಿಯಿಂದ ವಾಪಸ್ ಕೊಳ್ಳುತ್ತಿದ್ದಾರೆ ಅಷ್ಟೆ.

ತ್ರಿಕೋನದ ಎತ್ತರ 150, ಹಾಗಾಗಿ ಗುರಿ 5,750. ಸ್ಟಾಪ್‌ಲಾಸ್, ಅಂದರೆ ನಷ್ಟ ಒಪ್ಪಿಕೊಂಡು ಹೊರಬರುವ ಬೆಲೆ, 5,540. ಮಿನಿ ಲಾಟ್ (ಒಂದು ಸಲಕ್ಕೆ ಕೊಳ್ಳುವ ಕನಿಷ್ಠ ಪ್ರಮಾಣ) 10 ಬ್ಯಾರೆಲ್, 5,600ಕ್ಕೆ ಕೊಂಡರೆ ತಪ್ಪಾದಾಗ 600 ರೂಪಾಯಿ ಹೋಗುತ್ತದೆ. 100 ಬ್ಯಾರೆಲ್‌ನ ದೊಡ್ಡ ಲಾಟ್‌ನಲ್ಲಿ ಅದೇ ತಪ್ಪಿಗೆ 6,000. ಬುಧವಾರ ಇನ್ನೊಂದು ಕಾಟ: ಅಮೆರಿಕದ ತೈಲ ದಾಸ್ತಾನಿನ ವರದಿ ಸಾಮಾನ್ಯವಾಗಿ ನಮ್ಮ ರಾತ್ರಿ 8ಕ್ಕೆ ಬರುತ್ತದೆ, ಚಳಿಗಾಲದಲ್ಲಿ 9ಕ್ಕೆ. ಅದಕ್ಕೆ ಮುಂಚಿನ ಬ್ರೇಕ್‌ಔಟ್ ಅನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ.

ಈಗ ನಾನು ಬಿದ್ದ ಗುಂಡಿ. ಗೋಲ್ಡ್ ಮಿನಿಯ (ಚಿನ್ನದ ಚಿಕ್ಕ ಕಾಂಟ್ರಾಕ್ಟ್) ಕಂಟಿನ್ಯೂಯಸ್ ಚಾರ್ಟ್‌ನಲ್ಲಿ, ಅಂದರೆ ಒಂದರ ಹಿಂದೊಂದು ತಿಂಗಳ ಕಾಂಟ್ರಾಕ್ಟ್‌ಗಳನ್ನು ಜೋಡಿಸಿದ ಚಾರ್ಟ್‌ನಲ್ಲಿ, ತ್ರಿಕೋನ ಒಡೆದು ಒಳ್ಳೆ ಗ್ಯಾಪ್ (ಬೆಲೆಯ ಜಿಗಿತ) ಬಂದಿತ್ತು. ಖುಷಿಯಲ್ಲಿ ಕೊಂಡೆ. ಆಮೇಲೆ ನೋಡಿದರೆ ಹಳೆ ತಿಂಗಳ ಕಾಂಟ್ರಾಕ್ಟ್ ಮುಗಿದು, ಚಾರ್ಟ್ ಹೊಸ ತಿಂಗಳಿಗೆ ಹೊಲಿಗೆ ಹಾಕಿಕೊಂಡಿತ್ತು! ಮುಂದಿನ ತಿಂಗಳ ಚಿನ್ನಕ್ಕೆ ಬಡ್ಡಿಯ ಖರ್ಚು ಸೇರಿ ಬೆಲೆ ಸಾಮಾನ್ಯವಾಗಿ ಜಾಸ್ತಿ. ಆ ಗ್ಯಾಪ್ ಅದೇ. ಹೊಸ ಕಾಂಟ್ರಾಕ್ಟ್‌ನ ಚಾರ್ಟ್ ಮಾತ್ರ ತೆರೆದಾಗ ಆ ದಿನ ಬೆಲೆ ಸುಮ್ನೆ ಮಲಗಿತ್ತು. ಗೆಳೆಯ ಒಂದು ವಾರ ನನ್ನನ್ನು 'ಟೈಲರ್' ಅಂತಲೇ ಕರೆದ.

ಕಾಂಟ್ರಾಕ್ಟ್‌ನ ಕೊನೆಯ ದಿನಗಳಲ್ಲಿ ಇಂಥ ಪ್ಯಾಟರ್ನ್ ಹುಡುಕಲೇಬೇಡಿ. 2020ರ ಏಪ್ರಿಲ್ 20ರಂದು ಅವಧಿ ಮುಗಿದ ಕ್ರೂಡ್ ಕಾಂಟ್ರಾಕ್ಟ್ ಎಂಸಿಎಕ್ಸ್‌ನಲ್ಲಿ ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿಗೆ ಇತ್ಯರ್ಥವಾಯಿತು. ಕೊಂಡು ಇಟ್ಟುಕೊಂಡಿದ್ದವರು ಕೊಟ್ಟ ಬೆಲೆಯ ಮೇಲೆ ಅಷ್ಟನ್ನೂ ಸೇರಿಸಿ ಕಟ್ಟಬೇಕಾಯಿತು.