ಲೈಫ್‌ಬೋಟ್ ಎಲ್ಲರಿಗೂ ಇತ್ತಲ್ಲ, ಮತ್ತೆ 1,012 ಜನ ಸತ್ತದ್ದು ಹೇಗೆ?

ಪ್ರಶ್ನೆ: ಟೈಟಾನಿಕ್‌ನಲ್ಲಿ ಲೈಫ್‌ಬೋಟ್ ಸಾಲದೆ ಜನ ಸತ್ತರು ಎಂದು ಓದಿದ್ದೇವೆ. ಅದಾಗಿ ಎರಡೇ ವರ್ಷಕ್ಕೆ ಮುಳುಗಿದ ‘ಎಂಪ್ರೆಸ್ ಆಫ್ ಐರ್ಲೆಂಡ್’ನಲ್ಲಿ ಎಲ್ಲರಿಗೂ ಆಗುವಷ್ಟು ಬೋಟ್‌ಗಳಿದ್ದವಂತೆ. ಹಾಗಿದ್ದೂ ಅಷ್ಟು ಜನ ಸತ್ತದ್ದೇಕೆ?

ಉತ್ತರ: ಬೋಟ್‌ಗಳಿದ್ದವು, ಇಳಿಸಲು ಹೊತ್ತಿರಲಿಲ್ಲ. ಟೈಟಾನಿಕ್ ಮುಳುಗಲು ಸುಮಾರು 2 ಗಂಟೆ 40 ನಿಮಿಷ ಹಿಡಿದಿತ್ತು. ಎಂಪ್ರೆಸ್ 14 ನಿಮಿಷದಲ್ಲಿ ಮುಳುಗಿತು. ಆ 14 ನಿಮಿಷವೂ ಪೂರ್ತಿ ಕೈಗೆ ಸಿಗಲಿಲ್ಲ.

1914ರ ಮೇ 28ರ ಸಂಜೆ ಹಡಗು ಕೆನಡಾದ ಕ್ವಿಬೆಕ್‌ನಿಂದ ಲಿವರ್‌ಪೂಲ್‌ಗೆ ಹೊರಟಿತು. ಒಳಗೆ 1,477 ಜನ. ನಡುರಾತ್ರಿ ದಾಟಿದ ಮೇಲೆ, ಸೇಂಟ್ ಲಾರೆನ್ಸ್ ನದಿ ಸಮುದ್ರದಷ್ಟೇ ಅಗಲವಾಗುವ ಕಡೆ, ಪ್ವಾಂಟ್-ಓ-ಪೇರ್ ಹತ್ತಿರ ನದಿಯಲ್ಲಿ ದಾರಿ ತೋರುವ ಪೈಲಟ್‌ನನ್ನು ಇಳಿಸಿ ಮುಂದೆ ಸಾಗಿತು. ಎದುರಿನಿಂದ ನಾರ್ವೆಯ ‘ಸ್ಟೋರ್‌ಸ್ಟಾಡ್’ ಹಡಗು ಬರುತ್ತಿತ್ತು. ಅದರ ಹೊಟ್ಟೆಯಲ್ಲಿ ಹತ್ತು ಸಾವಿರ ಟನ್ನಿಗೂ ಮೀರಿದ ಕಲ್ಲಿದ್ದಲು. ಎರಡೂ ಹಡಗುಗಳು ಪರಸ್ಪರ ದೀಪ ಕಂಡಿದ್ದವು. ಅಷ್ಟರಲ್ಲಿ ನಡುವೆ ಮಂಜು ಕವಿಯಿತು. ಎಂಪ್ರೆಸ್‌ನ ಕ್ಯಾಪ್ಟನ್ ಹೆನ್ರಿ ಕೆಂಡಾಲ್ ಎಂಜಿನ್ ಹಿಂದಕ್ಕೆ ತಿರುಗಿಸಲು ಹೇಳಿ, ಅದರ ಸೂಚನೆಯಾಗಿ ಮೂರು ಬಾರಿ ಸಿಳ್ಳೆ ಹಾಕಿಸಿದ. ಮಂಜಿನೊಳಗೆ ಸ್ಟೋರ್‌ಸ್ಟಾಡ್ ದಿಕ್ಕು ಬದಲಿಸಿತು ಎಂದು ಕೆನಡಾದ ವಿಚಾರಣೆ ತೀರ್ಮಾನಿಸಿತು. ನಾರ್ವೆಯವರು ಅದನ್ನು ಒಪ್ಪಲಿಲ್ಲ. ಸಾವಿನ ಲೆಕ್ಕ ತಿಳಿಯಲು ಈ ಜಗಳ ಬಗೆಹರಿಯಬೇಕಿಲ್ಲ.

ಬೆಳಗಿನ ಜಾವ ಎರಡಕ್ಕೆ ಕೆಲವೇ ನಿಮಿಷ ಇರುವಾಗ ಸ್ಟೋರ್‌ಸ್ಟಾಡ್‌ನ ಮೂತಿ ಎಂಪ್ರೆಸ್‌ನ ಬಲಪಕ್ಕೆಗೆ, ಎರಡು ಹೊಗೆ ಕೊಳವೆಗಳ ನಡುವೆ ಹೊಕ್ಕಿತು. ಗಟ್ಟಿಮುಟ್ಟಾದ ಮೂತಿ ಅದು. ಮೇಲಾಗಿ ಕಲ್ಲಿದ್ದಲಿನ ಭಾರಕ್ಕೆ ಹಡಗು ನೀರಿನಲ್ಲಿ ಆಳವಾಗಿ ಕೂತಿತ್ತು. ಹಾಗಾಗಿ ಗಾಯ ನೀರಿನ ಮಟ್ಟದಿಂದ ಬಹಳ ಕೆಳಗಿನವರೆಗೂ ಇಳಿಯಿತು. ಮುಂದಕ್ಕೇ ಒತ್ತಿಕೊಂಡಿರಿ, ತೂತು ಮುಚ್ಚಿರಲಿ ಎಂದು ಕೆಂಡಾಲ್ ಸ್ಟೋರ್‌ಸ್ಟಾಡ್‌ನವರಿಗೆ ಕೂಗಿದ. ಆದರೆ ಹಡಗುಗಳು ತಿರುಚಿಕೊಂಡು ಬೇರ್ಪಟ್ಟವು, ಬಾಯ್ಲರ್ ಕೋಣೆಗಳಿಗೆ ನೀರು ನುಗ್ಗಿತು.

ನೀರು ದಾಟದ ಗೋಡೆಗಳಿಂದ ಬೇರ್ಪಡಿಸಿದ ವಿಭಾಗಗಳಲ್ಲಿ ಅಕ್ಕಪಕ್ಕದ ಎರಡು ತುಂಬಿದರೂ ತೇಲುವಂತೆ ಕಟ್ಟಿದ ಹಡಗು ಎಂಪ್ರೆಸ್. ಆ ಲೆಕ್ಕ ನಿಲ್ಲಬೇಕಾದರೆ ಉಳಿದ ವಿಭಾಗಗಳ ಬಾಗಿಲು ಮುಚ್ಚಿರಬೇಕು. ಬಾಗಿಲುಗಳನ್ನು ಆಳುಗಳೇ ಹೋಗಿ ಕೈಯಿಂದ ಮುಚ್ಚಬೇಕಿತ್ತು. ವಾಲುತ್ತಿರುವ ಹಡಗಿನಲ್ಲಿ, ಅರೆನಿದ್ದೆಯಲ್ಲಿ, ಎಲ್ಲ ಬಾಗಿಲುಗಳನ್ನು ತಲುಪಲು ಆಗಲಿಲ್ಲ. ಇದಕ್ಕಿಂತ ದೊಡ್ಡ ತಪ್ಪು, ನನ್ನ ಮಟ್ಟಿಗೆ, ಪಕ್ಕೆಯ ದುಂಡು ಕಿಟಕಿಗಳದ್ದು. ಗಾಳಿಗೆಂದು ಹಲವು ಕಿಟಕಿಗಳನ್ನು ತೆರೆದಿಟ್ಟಿದ್ದರು, ಅವುಗಳಲ್ಲಿ ಕೆಲವು ನೀರಿನಿಂದ ಕೆಲವೇ ಅಡಿ ಮೇಲಿದ್ದವು. ಹಡಗು ಬಲಕ್ಕೆ ವಾಲಿದಂತೆ ಒಂದೊಂದೇ ಕಿಟಕಿ ನೀರಿಗಿಳಿಯಿತು. ಒಳಬಂದ ನೀರಿಗೆ ಹಡಗು ಇನ್ನಷ್ಟು ವಾಲಿತು, ಇನ್ನೊಂದು ಸಾಲು ಕಿಟಕಿ ಮುಳುಗಿತು. ಬಲಬದಿಯ ಕೆಳ ಕೋಣೆಗಳಲ್ಲಿ ಮಲಗಿದ್ದ ಅನೇಕರು ಏಳುವ ಮೊದಲೇ ಮುಳುಗಿದರು.

ಈಗ ಬೋಟ್‌ಗಳ ವಿಷಯ. ಬೋಟ್ ಇಳಿಯುವುದು ಹಗ್ಗದಲ್ಲಿ, ಡೆಕ್ಕಿನ ಅಂಚಿನ ಕಬ್ಬಿಣದ ತೋಳುಗಳಿಂದ. ಹಡಗು ಸಪಾಟಾಗಿದ್ದರಷ್ಟೇ ಅದು ಪಕ್ಕೆಗುಂಟ ನೇರ ಇಳಿಯುತ್ತದೆ. ಬಲಕ್ಕೆ ವಾಲಿದಾಗ ಎಡಬದಿಯ ಬೋಟ್ ಹೊರಗೆ ಹೋಗುವ ಬದಲು ಡೆಕ್ಕಿನ ಕಡೆಗೇ ತೂಗುತ್ತದೆ. ತಳ್ಳಿ ಹೊರಹಾಕಿದರೂ ಇಳಿಜಾರಾದ ಪಕ್ಕೆಗೆ ಉಜ್ಜಿ ಸಿಕ್ಕಿಕೊಳ್ಳುತ್ತದೆ. ಬಲಬದಿಯ ಬೋಟ್ ಹಡಗಿನಿಂದ ದೂರ ತೂಗಿ, ಹತ್ತುವವರಿಗೆ ನಡುವೆ ಕಂದಕ ಬೀಳುತ್ತದೆ. ಐದಾರು ನಿಮಿಷದೊಳಗೆ ಎಡಬದಿಯ ಅಷ್ಟೂ ಬೋಟ್‌ಗಳು ಪ್ರಯೋಜನಕ್ಕೆ ಬಾರದಂತಾದವು. ದೀಪಗಳೂ ಆರಿದವು. ಕಡೆಗೆ ಸರಿಯಾಗಿ ನೀರಿಗಿಳಿದದ್ದು ಬಲಬದಿಯ ಕೆಲವೇ ಬೋಟ್‌ಗಳು. ಹತ್ತು ನಿಮಿಷ ದಾಟಿದ ಮೇಲೆ ಹಡಗು ಪೂರ್ತಿ ಮಗ್ಗುಲಾಯಿತು. ನೂರಾರು ಜನ ಎಡಬದಿಯ ಕಿಟಕಿಗಳಿಂದ ತೆವಳಿ ಹೊರಬಂದು ಹಡಗಿನ ಪಕ್ಕೆಯ ಮೇಲೆ ಕೂತರು. ಆ ನೆಲೆಯೂ ಸ್ವಲ್ಪ ಹೊತ್ತಿನಲ್ಲೇ ಹೋಯಿತು.

ವೈರ್‌ಲೆಸ್ ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಇತ್ತು. ಎಸ್‌ಒಎಸ್ ಪ್ವಾಂಟ್-ಓ-ಪೇರ್‌ನ ಮಾರ್ಕೋನಿ ಕೇಂದ್ರಕ್ಕೆ ಕೇಳಿಸಿತು. ‘ಯುರೇಕಾ’, ‘ಲೇಡಿ ಎವೆಲಿನ್’ ಎಂಬ ಎರಡು ಹಡಗುಗಳು ಹೊರಟೂ ಬಂದವು. ಅವು ಬರುವಷ್ಟರಲ್ಲಿ ಎಂಪ್ರೆಸ್ ಇರಲಿಲ್ಲ. ತಣ್ಣನೆಯ ನೀರಿನಿಂದ ಮೊದಲು ಜನರನ್ನು ಎತ್ತಿಕೊಂಡದ್ದು ಮೂತಿ ಜಜ್ಜಿದ ಸ್ಟೋರ್‌ಸ್ಟಾಡ್‌ನ ಬೋಟ್‌ಗಳೇ.

ಬದುಕುಳಿದವರು 465. ಸಿಬ್ಬಂದಿ 420ರಲ್ಲಿ 248. ಪ್ರಯಾಣಿಕರಲ್ಲಿ ಗಂಡಸರು 609ರಲ್ಲಿ 172, ಹೆಂಗಸರು 310ರಲ್ಲಿ 41, ಮಕ್ಕಳು 138ರಲ್ಲಿ 4. ಸಿಬ್ಬಂದಿಯಲ್ಲಿ ಪಾಳಿಯ ಮೇಲಿದ್ದವರು ಎಚ್ಚರವಿದ್ದರು, ಮೆಟ್ಟಿಲುಗಳು ಕತ್ತಲಲ್ಲೂ ಅವರ ಕಾಲಿಗೆ ಗೊತ್ತಿದ್ದವು. ಪ್ರಯಾಣಿಕರಿಗೆ ಅದು ಹಡಗಿನಲ್ಲಿ ಮೊದಲ ರಾತ್ರಿ.