ಇಂಗ್ಲಿಷ್ ಬಾರದ ಸಣ್ಣ ಉದ್ದಿಮೆದಾರರು ಹೊರದೇಶದವರೊಡನೆ ಆನ್‌ಲೈನ್‌ನಲ್ಲಿ ವ್ಯವಹರಿಸಬಹುದೇ?

ಪ್ರಶ್ನೆ: ನಮ್ಮದು ಸಣ್ಣ ಘಟಕ. ಕೈಕೆಲಸ ಚೆನ್ನಾಗಿ ಗೊತ್ತು, ಆದರೆ ಇಂಗ್ಲಿಷಿನಲ್ಲಿ ಪತ್ರ ಬರೆದು ಮಾತನಾಡುವಷ್ಟು ರೂಢಿಯಿಲ್ಲ. ಅನುವಾದದ ಆ್ಯಪ್‌ಗಳನ್ನೂ ಆನ್‌ಲೈನ್ ಮಾರುಕಟ್ಟೆಗಳನ್ನೂ ನಂಬಿಕೊಂಡು ಹೊರದೇಶದ ಖರೀದಿದಾರರು, ವಿನ್ಯಾಸಕಾರರ ಜೊತೆ ಕೈಜೋಡಿಸಬಹುದೇ?

ಉತ್ತರ: ಕೈಜೋಡಿಸಬಹುದು. ಆದರೆ ಈ ಪ್ರಶ್ನೆಯನ್ನು ಕೇಳುವ ಬಹುಪಾಲು ಮಂದಿ ಮಾತುಕತೆಯ ಹಂತದಲ್ಲೇ ಭಾಷೆ ತೊಡಕಾಗುತ್ತದೆ ಎಂದು ಭಾವಿಸಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಹಂತವನ್ನು ದಾಟುವುದು ಈಗ ಸುಲಭ. ತೊಡಕು ಎದುರಾಗುವುದು ಒಪ್ಪಂದದ ವಿವರಗಳಲ್ಲಿ ಮತ್ತು ಸರಕಿನ ಪೆಟ್ಟಿಗೆಯ ಮೇಲಿನ ಬರಹದಲ್ಲಿ. ಚನ್ನಪಟ್ಟಣದ ಮರದ ಆಟಿಕೆಯನ್ನು ಜರ್ಮನಿಯ ಅಂಗಡಿಯೊಂದಕ್ಕೆ ಕಳಿಸುವ ಸಂದರ್ಭವನ್ನು ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ.

ಗೂಗಲ್ ಅನುವಾದದಲ್ಲಿ ಕನ್ನಡ ಸೇರಿದ್ದು 2011ರಲ್ಲಿ. ಕೇಂದ್ರ ಸರ್ಕಾರದ ಭಾಷಿಣಿ 2022ರ ಜುಲೈನಲ್ಲಿ ಆರಂಭವಾಯಿತು, ಅದರಲ್ಲಿ ಕನ್ನಡದಲ್ಲಿ ಮಾತನಾಡಿಯೇ ಅನುವಾದ ಪಡೆಯಬಹುದು. ದರ ವಿಚಾರಿಸಲು, ನಮೂನೆ ಕಳಿಸುವ ದಿನ ತಿಳಿಸಲು ಇಷ್ಟು ಸಾಕು. ಆದರೆ ಎಟ್ಸಿಯಂತಹ ಮಾರುಕಟ್ಟೆಗಳು ಮಾರಾಟಗಾರರು ಇಂಗ್ಲಿಷಿನಲ್ಲಿ ಬರೆದ ವಿವರಣೆಯನ್ನು ಜರ್ಮನ್, ಫ್ರೆಂಚ್ ಮೊದಲಾದ ಭಾಷೆಗಳಿಗೆ ತಾವೇ ಅನುವಾದಿಸಿ ತೋರಿಸುತ್ತವೆ, ಮತ್ತು ಅಲ್ಲಿ ಕನ್ನಡಕ್ಕೆ ಇನ್ನೂ ಜಾಗವಿಲ್ಲ. ಹೀಗಾಗಿ ನಿಮ್ಮ ಮಾತು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಜರ್ಮನ್‌ಗೆ ಎರಡು ಸಲ ದಾಟುತ್ತದೆ. ಮೊದಲ ದಾಟಿನಲ್ಲಿ ಆದ ತಪ್ಪು ಎರಡನೆಯದರಲ್ಲಿ ಇನ್ನಷ್ಟು ಬೆಳೆಯುತ್ತದೆ. ವಸ್ತುವಿನ ವಿವರಣೆಯ ಇಂಗ್ಲಿಷ್ ಪಠ್ಯವನ್ನು ಒಮ್ಮೆ ಬಲ್ಲವರಿಂದ, ಮನೆಯಲ್ಲಿ ಓದುವ ಮಕ್ಕಳಿಂದಲಾದರೂ ಸರಿ, ತಿದ್ದಿಸಿಟ್ಟುಕೊಂಡರೆ ಅದನ್ನೇ ಮತ್ತೆ ಮತ್ತೆ ಬಳಸಬಹುದು.

ಯಂತ್ರಕ್ಕೆ ಕೊಡುವ ಕನ್ನಡವೂ ಸ್ವಲ್ಪ ಬದಲಾಗಬೇಕು. "ನಮೂನೆ ನೋಡಿದ ಮೇಲೆ ಬಣ್ಣ ಬದಲಿಸಬೇಕು" ಎಂದು ನಾವು ಸಹಜವಾಗಿ ಹೇಳುತ್ತೇವೆ. ನೋಡುವವರು ಯಾರು, ಬದಲಿಸುವವರು ಯಾರು ಎಂಬುದು ಅದರಲ್ಲಿಲ್ಲ, ಯಂತ್ರ ಯಾರನ್ನೋ ಊಹಿಸಿ ಸೇರಿಸುತ್ತದೆ. "ನೀವು ನಮೂನೆ ನೋಡಿ ಹೇಳಿ. ಆಮೇಲೆ ನಾವು ಬಣ್ಣ ಬದಲಿಸುತ್ತೇವೆ" ಎಂದು ಎರಡು ಚಿಕ್ಕ ವಾಕ್ಯ ಮಾಡಿದರೆ ಆ ಗೊಂದಲ ಉಳಿಯುವುದಿಲ್ಲ. ಹಾಗೆಯೇ 03/04 ಎಂದು ಬರೆದರೆ ಅಮೆರಿಕದವರು ಅದನ್ನು ಮಾರ್ಚ್ 4 ಎಂದು ಓದುತ್ತಾರೆ, ಆದ್ದರಿಂದ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

ಇನ್ನು ಒಪ್ಪಂದ. ಅಳತೆ, ಬಣ್ಣ, ಬೆಲೆ, ಸಾಗಣೆಯ ಹೊಣೆ ಇವ್ಯಾವುವನ್ನೂ ಅನುವಾದದ ಮರ್ಜಿಗೆ ಬಿಡಬೇಡಿ. ಗಡಿಯಾಚೆಗಿನ ವ್ಯಾಪಾರಕ್ಕೆ ಎಲ್ಲರೂ ಒಪ್ಪಿದ ಸಂಕೇತಗಳು ಬಹುಕಾಲದಿಂದ ಇವೆ. ಸರಕು ಯಾವ ಬಗೆಯದೆಂದು ಅಂಕಿಗಳಲ್ಲಿ ಹೇಳುವ ವಿಶ್ವ ಸುಂಕ ಸಂಸ್ಥೆಯ ಎಚ್‌ಎಸ್ ಕೋಡ್ 1988ರಿಂದ ಬಳಕೆಯಲ್ಲಿದ್ದು ಅದರ ಮೊದಲ ಆರು ಅಂಕಿಗಳು ಅದನ್ನು ಅನುಸರಿಸುವ ದೇಶಗಳಲ್ಲೆಲ್ಲ ಒಂದೇ. ಆಟಿಕೆಗಳು 9503ರ ಅಡಿಯಲ್ಲಿ ಬರುತ್ತವೆ. ಸರಕಿನ ಅಪಾಯ ಮತ್ತು ಖರ್ಚು ಯಾವ ಜಾಗದಲ್ಲಿ ನಿಮ್ಮಿಂದ ಖರೀದಿದಾರರಿಗೆ ದಾಟುತ್ತದೆ ಎಂಬುದನ್ನು 'ಇನ್‌ಕೋಟರ್ಮ್ಸ್ 2020' ಎಂಬ ಅಂತರರಾಷ್ಟ್ರೀಯ ವ್ಯಾಪಾರ ನಿಯಮಾವಳಿಯ 11 ಷರತ್ತುಗಳಲ್ಲಿ ಒಂದನ್ನು ಹೆಸರಿಸಿ ಬರೆಯಬಹುದು. ಅಳತೆಗಳನ್ನು ಮಿಲಿಮೀಟರಿನಲ್ಲಿ, ಎಷ್ಟು ಹೆಚ್ಚುಕಡಿಮೆ ಆದರೆ ಒಪ್ಪಿಗೆ ಎಂಬುದರ ಸಮೇತ, ಚಿತ್ರದ ಮೇಲೆಯೇ ನಮೂದಿಸಿ. ಅರಗಿನ ಬಣ್ಣ ಫೋನಿನ ಪರದೆಯಲ್ಲಿ ಒಂದು ತರಹ, ಕಣ್ಣಿಗೆ ಇನ್ನೊಂದು ತರಹ ಕಾಣುವುದರಿಂದ ಎರಡೂ ಕಡೆ ಒಪ್ಪಿಗೆಯಾದ ಒಂದೊಂದು ನಮೂನೆ ಇಟ್ಟುಕೊಳ್ಳುವುದು ಎಷ್ಟೇ ಉದ್ದದ ಮಾತುಕತೆಗಿಂತ ಗಟ್ಟಿಯಾದ ಆಧಾರ.

ವಿನ್ಯಾಸಕಾರರ ಜೊತೆ ಸೇರಿ ಹೊಸ ರೂಪ ಮಾಡುವವರು ಒಂದು ವಿಷಯದಲ್ಲಿ ಅವಸರ ಮಾಡಬಾರದು. ಭಾರತದ ವಿನ್ಯಾಸ ಕಾಯ್ದೆ, 2000ರ ಪ್ರಕಾರ ಅರ್ಜಿ ಸಲ್ಲಿಸುವ ಮೊದಲೇ ಬಹಿರಂಗವಾದ ವಿನ್ಯಾಸಕ್ಕೆ ನೋಂದಣಿ ಸಿಗುವುದಿಲ್ಲ. ಆನ್‌ಲೈನ್ ಅಂಗಡಿಯಲ್ಲಿ ಚಿತ್ರ ಹಾಕುವುದೂ ಬಹಿರಂಗಪಡಿಸಿದಂತೆಯೇ. ಮೊದಲು ಅರ್ಜಿ, ಆಮೇಲೆ ಚಿತ್ರ. ಇಬ್ಬರ ದುಡಿಮೆಯಾದರೆ ಹಕ್ಕು ಯಾರ ಹೆಸರಿನಲ್ಲಿ ಎಂಬುದು ಅದಕ್ಕೂ ಮೊದಲು ತೀರ್ಮಾನವಾಗಿರಬೇಕು. ಚನ್ನಪಟ್ಟಣದ ಆಟಿಕೆಗಳಿಗಿರುವ ಭೌಗೋಳಿಕ ಸೂಚಕ ಆ ಹೆಸರನ್ನು ಕಾಪಾಡುತ್ತದೆಯೇ ಹೊರತು ನಿಮ್ಮ ಹೊಸ ರೂಪವನ್ನಲ್ಲ.

ಭಾಷೆ ಕಾನೂನಾಗಿ ಎದುರಾಗುವುದು ಪೆಟ್ಟಿಗೆಯ ಮೇಲೆ. ಐರೋಪ್ಯ ಒಕ್ಕೂಟದಲ್ಲಿ ಮಾರುವ ಆಟಿಕೆಗೆ ಸಿಇ ಗುರುತು, ಅಂದರೆ ಅಲ್ಲಿನ ಸುರಕ್ಷತಾ ನಿಯಮಗಳಿಗೆ ಒಪ್ಪುತ್ತದೆ ಎಂಬ ಮುದ್ರೆ ಬೇಕು, ಅದರ ಹಿಂದೆ ಪರೀಕ್ಷೆಯ ದಾಖಲೆ ಇರಬೇಕು, ಮತ್ತು ಎಚ್ಚರಿಕೆಯ ಮಾತುಗಳು ಆಯಾ ದೇಶ ಗೊತ್ತುಪಡಿಸಿದ ಭಾಷೆಯಲ್ಲಿರಬೇಕು. ಜರ್ಮನಿಗಾದರೆ ಜರ್ಮನ್. ಈ ಬರಹವನ್ನು ಆ್ಯಪ್‌ನಿಂದ ತೆಗೆದು ಅಂಟಿಸುವುದು ಸಲ್ಲದು, ಏಕೆಂದರೆ ಮೂರು ವರ್ಷದೊಳಗಿನ ಮಗುವಿನ ಬಾಯಿಗೆ ಹೋಗಬಹುದಾದ ಚಿಕ್ಕ ಭಾಗದ ಬಗೆಗಿನ ಎಚ್ಚರಿಕೆಯಲ್ಲಿ ಒಂದು ಪದವೂ ತಪ್ಪಬಾರದು. ಆಮದುದಾರರಿಂದಲೇ ಅದನ್ನು ಬರೆಯಿಸಿಕೊಳ್ಳಿ. ಅರಗು ಸಹಜ ವಸ್ತುವಾದರೂ ಬಣ್ಣದಿಂದ ಲೋಹದ ಅಂಶ ಎಷ್ಟು ಹೊರಬರುತ್ತದೆ ಎಂಬುದನ್ನು ಇಎನ್ 71 ಎಂಬ ಐರೋಪ್ಯ ಆಟಿಕೆ ಸುರಕ್ಷತಾ ಮಾನದಂಡದ ಮೂರನೆಯ ಭಾಗದಂತೆ ಪರೀಕ್ಷಿಸಬೇಕಾಗುತ್ತದೆ. ಭಾರತದಲ್ಲಿ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೆ ಆಟಿಕೆಗಳ ಗುಣಮಟ್ಟ ಆದೇಶದಿಂದ ಸಿಕ್ಕಿರುವ ವಿನಾಯಿತಿ ಗಡಿಯಾಚೆ ನಡೆಯದು. ಇದಲ್ಲದೆ ಒಕ್ಕೂಟದೊಳಗೆ ಹೊಣೆ ಹೊರುವ ವ್ಯಕ್ತಿ ಅಥವಾ ಸಂಸ್ಥೆ ಇರಲೇಬೇಕೆಂಬ ನಿಯಮ ಆಟಿಕೆಗಳಿಗೆ 2021ರ ಜುಲೈನಿಂದಲೂ, ಆಹಾರದಂತಹ ಕೆಲವನ್ನು ಬಿಟ್ಟು ಬಹುತೇಕ ಗ್ರಾಹಕ ವಸ್ತುಗಳಿಗೆ 2024ರ ಡಿಸೆಂಬರ್ 13ರಿಂದಲೂ ಜಾರಿಯಲ್ಲಿದೆ. ಆದ್ದರಿಂದ ಯುರೋಪಿಗೆ ಹೊಸದಾಗಿ ಹೋಗುವವರು ಬಿಡಿ ಗ್ರಾಹಕರನ್ನು ಹುಡುಕುವುದಕ್ಕಿಂತ ಅಂಗಡಿ ನಡೆಸುವ ಒಬ್ಬ ಒಳ್ಳೆಯ ಆಮದುದಾರರನ್ನು ಹುಡುಕುವುದು ಮೇಲು ಎಂದು ನಾನು ಹೇಳುತ್ತೇನೆ.

ನಮ್ಮ ಕಡೆಯ ಕಾಗದಪತ್ರಗಳು ಹೆದರುವಷ್ಟಿಲ್ಲ. ಪ್ಯಾನ್ ಆಧಾರದ ಮೇಲೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಶುಲ್ಕಕ್ಕೆ ಆಮದು-ರಫ್ತು ಸಂಕೇತ, ಅಂದರೆ ಐಇಸಿ, ಸಿಗುತ್ತದೆ. ಜಿಎಸ್‌ಟಿ ನೋಂದಣಿ ಇರುವವರು ಪ್ರತಿ ಹಣಕಾಸು ವರ್ಷ ಎಲ್‌ಯುಟಿ, ಅಂದರೆ ರಫ್ತಿನ ಷರತ್ತುಗಳನ್ನು ಪಾಲಿಸುತ್ತೇವೆಂಬ ಮುಚ್ಚಳಿಕೆ ಪತ್ರ, ಸಲ್ಲಿಸಿದರೆ ತೆರಿಗೆ ಕಟ್ಟದೆ ರಫ್ತು ಮಾಡಬಹುದು. ಚಿಕ್ಕ ಪಾರ್ಸೆಲ್‌ಗಳಿಗೆ ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಿವೆ, ದೇಶದಲ್ಲಿ ಸಾವಿರಕ್ಕೂ ಹೆಚ್ಚು. ಅಲ್ಲಿ ರಫ್ತು ಘೋಷಣೆಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಲಾಗುತ್ತದೆ. ಅಮೆರಿಕಕ್ಕೆ ಕಳಿಸುವವರಿಗೆ ಮಾತ್ರ ಒಂದು ಮಾತು: 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ರದ್ದಾಗಿದೆ, ಹಳೆಯ ಲೆಕ್ಕದಲ್ಲಿ ದರ ಹೇಳಬೇಡಿ.

ಹಣದ ವಿಷಯದಲ್ಲಿ, ಗಡಿಯಾಚೆಯಿಂದ ಪಾವತಿ ತಂದುಕೊಡುವ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ನಿಯಮ ರೂಪಿಸಿ, ಒಂದು ವಸ್ತುವಿಗೆ ಗರಿಷ್ಠ 25 ಲಕ್ಷ ರೂಪಾಯಿ ಮಿತಿ ಇಟ್ಟಿತು. ಅಂತಹ ಸಂಸ್ಥೆಯ ಅಥವಾ ಬ್ಯಾಂಕಿನ ಮೂಲಕವೇ ಹಣ ಪಡೆದು, ಹಣ ಬಂದದ್ದಕ್ಕೆ ದಾಖಲೆ ಕೇಳಿ ಪಡೆಯಿರಿ. ಜಿಎಸ್‌ಟಿ ಲೆಕ್ಕಕ್ಕೂ ಬ್ಯಾಂಕಿನ ರಫ್ತು ಲೆಕ್ಕ ಮುಗಿಸಲಿಕ್ಕೂ ಅದು ಬೇಕು. ನೀವೇ ಹೊರಗಿನವರಿಗೆ ಹಣ ಕಳಿಸಬೇಕಾದಾಗ, ಖಾತೆ ಸಂಖ್ಯೆ ಬದಲಾಗಿದೆ ಎಂಬ ಇಮೇಲ್ ಬಂದರೆ ವಿಡಿಯೋ ಕರೆ ಮಾಡಿ ಮುಖ ನೋಡಿ ಖಚಿತಪಡಿಸಿಕೊಳ್ಳದೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಜಗಳವಾದರೆ ಮಾರುಕಟ್ಟೆಯ ಜಾಲತಾಣ ಎಷ್ಟು ನೆರವಾಗುತ್ತದೆ ಎಂಬುದು ಅದರ ಷರತ್ತುಗಳ ಮೇಲೆ ನಿಂತಿದೆ, ಮತ್ತು ಆ ಷರತ್ತುಗಳು ಅನೇಕ ವೇಳೆ ಖರೀದಿದಾರರ ರಕ್ಷಣೆಗೆಂದೇ ಬರೆದವು. ಸರಕು ಮಾರಾಟದ ಅಂತರರಾಷ್ಟ್ರೀಯ ಒಪ್ಪಂದಗಳ ಬಗ್ಗೆ ವಿಶ್ವಸಂಸ್ಥೆ 1980ರಲ್ಲಿ ರೂಪಿಸಿದ ಒಡಂಬಡಿಕೆಗೆ ಭಾರತ ಸೇರಿಲ್ಲವಾದ್ದರಿಂದ ಯಾವ ದೇಶದ ಕಾನೂನು, ಎಲ್ಲಿ ಪಂಚಾಯ್ತಿಕೆ ಎಂಬುದನ್ನು ಆರ್ಡರಿನಲ್ಲೇ ಬರೆದಿರಬೇಕು. ಹೀಗೆ ಬರೆದರೂ ಐವತ್ತು ಸಾವಿರ ರೂಪಾಯಿಯ ಆರ್ಡರಿಗೆ ಹೊರದೇಶದಲ್ಲಿ ಪಂಚಾಯ್ತಿಕೆ ನಡೆಸುವುದು ಗಿಟ್ಟದ ಕೆಲಸ. ಅದಕ್ಕೇ ಮೊದಲ ಆರ್ಡರು ಸಣ್ಣದಿರಲಿ, ಮುಂಗಡ ಇರಲಿ. ಜಾಲತಾಣದಲ್ಲಿ ನಡೆದ ಮಾತುಕತೆಯನ್ನು ನೀವು ಬರೆದ ಕನ್ನಡ ಮೂಲದ ಸಮೇತ ಪ್ರತಿ ತೆಗೆದಿಡಿ, ಮತ್ತು ದೂರು ಸಲ್ಲಿಸಲು ಜಾಲತಾಣ ಕೊಡುವ ಗಡುವು ಎಷ್ಟು ದಿನದ್ದೆಂದು ಸರಕು ಹೊರಡುವ ಮುನ್ನವೇ ನೋಡಿಕೊಳ್ಳಿ.